ಪಾಚಿಯ ಸಾರ ಲಿವರನ್ನು ಕೀಟನಾಶಕದಿಂದ ಕಾಪಾಡುತ್ತದಾ? ಗೊತ್ತಿದ್ದವರು ಹೇಳಿ

ಹೊಲದಂಚು

ಅಪ್ಪ ಬಹಳ ವರ್ಷದಿಂದ ಬೆಳೆಗೆ ಔಷಧಿ ಹೊಡೆಯುತ್ತಾ ಬಂದವರು. ಬೆನ್ನ ಮೇಲೆ ಟ್ಯಾಂಕು, ಮೈಮೇಲೆ ಒಂದು ಹಳೇ ಅಂಗಿ, ಅಷ್ಟೇ ರಕ್ಷಣೆ. ಈಗ ರಕ್ತಪರೀಕ್ಷೆಯಲ್ಲಿ ಲಿವರಿಗೆ ಪೆಟ್ಟಾದಾಗ ಏರುವ ಎಎಲ್‌ಟಿ, ಎಎಸ್‌ಟಿ ಎರಡೂ ಮಿತಿಗಿಂತ ಸ್ವಲ್ಪ ಜಾಸ್ತಿ ಬಂದಿವೆ. ಕುಡಿತ ಇಲ್ಲ. ಹೆಪಟೈಟಿಸ್ ಪರೀಕ್ಷೆ, ಸ್ಕ್ಯಾನ್ ಇನ್ನೂ ಆಗಬೇಕು.

ಅಷ್ಟರಲ್ಲಿ ನೆಂಟರೊಬ್ಬರು ಸ್ಪಿರುಲಿನಾ ಪುಡಿಯ ಡಬ್ಬಿ ತಂದುಕೊಟ್ಟರು. ಕೀಟನಾಶಕದ ನಂಜನ್ನೆಲ್ಲ ಇದು ಎಳೆದು ಹಾಕುತ್ತದೆ ಅಂತ ಅವರ ಮಾತು. ನಾನೂ ಕೂತು ಹುಡುಕಿದೆ. ಇಲಿ, ಮೀನುಗಳ ಮೇಲೆ ಮಾಡಿದ ಪ್ರಯೋಗಗಳು ರಾಶಿ ಬಿದ್ದಿವೆ. ಸ್ಪಿರುಲಿನಾ, ಕ್ಲೋರೆಲ್ಲಾ, ಕಂದು ಕಡಲಕಳೆ ಎಲ್ಲವೂ ಲಿವರನ್ನು ಕಾಪಾಡಿವೆ ಅಂತ ಬರೆದಿದ್ದಾರೆ. ನಾನು ಓದಿದ್ದರಲ್ಲಿ ಪಾಚಿ ಸೋತ ಪ್ರಯೋಗ ಒಂದೂ ಸಿಗಲಿಲ್ಲ. ಅದೇ ನನಗೆ ಅನುಮಾನ. ಇದನ್ನು ನಂಬಿ ಅಪ್ಪನಿಗೆ ಕೊಡಬಹುದಾ? ಕೊಟ್ಟರೆ ಯಾವುದು, ಎಷ್ಟು?

ಹಸಿರುನಂಬಿಕೆ

ಧೈರ್ಯವಾಗಿ ಕೊಡಿ. ಕೀಟನಾಶಕ ಲಿವರಿಗೆ ಮಾಡುವ ಹಾನಿಯಲ್ಲಿ ದೊಡ್ಡ ಪಾಲು ಆಕ್ಸಿಡೇಟಿವ್ ಒತ್ತಡದ್ದು, ಅಂದರೆ ಆಮ್ಲಜನಕದ ಚುರುಕು ಕಣಗಳು ಅತಿಯಾಗಿ ಹುಟ್ಟಿ ಕೋಶವನ್ನು ಕೆಡಿಸುವುದು. ಪಾಚಿಯಲ್ಲಿ ಅದನ್ನು ತಡೆಯುವ ವಸ್ತುಗಳೇ ತುಂಬಿವೆ. ಸ್ಪಿರುಲಿನಾದಲ್ಲಿ ಫೈಕೋಸಯನಿನ್, ಹೆಮಟೋಕಾಕಸ್‌ನಲ್ಲಿ ಅಸ್ಟಾಕ್ಸಾಂಥಿನ್, ಡ್ಯುನಲಿಯೆಲ್ಲಾದಲ್ಲಿ ಬೀಟಾ ಕ್ಯಾರೋಟಿನ್, ಕಂದು ಕಡಲಕಳೆಯಲ್ಲಿ ಫ್ಯುಕಾಯ್ಡನ್. ಇಷ್ಟೊಂದು ಪ್ರಯೋಗಗಳು ಒಂದೇ ಕಡೆ ಕೈ ತೋರಿಸುತ್ತಿರುವಾಗ ಅನುಮಾನ ಯಾಕೆ?

ಸುಮ್ನೆಓದುಗ

ನಾನೂ ತಗೊಳ್ಳುತ್ತೇನೆ. ಸುಸ್ತು ಕಡಿಮೆಯಾಗಿದೆ. ಲಿವರ್ ವಿಷಯ ಗೊತ್ತಿಲ್ಲ.

ಲ್ಯಾಬ್‌ಗೆಳತಿ

ಈ ತರಹದ ಇಲಿ ಪ್ರಯೋಗಗಳಲ್ಲಿ ನಾನೇ ಕೆಲಸ ಮಾಡಿದ್ದೇನೆ. ಒಳಗೆ ಏನು ನಡೆಯುತ್ತದೆ ಅಂತ ಹೇಳುತ್ತೇನೆ.

ಇಲಿಗಳನ್ನು ನಾಲ್ಕು ಗುಂಪು ಮಾಡುತ್ತಾರೆ. ಒಂದಕ್ಕೆ ಏನೂ ಇಲ್ಲ. ಒಂದಕ್ಕೆ ಪಾಚಿ ಮಾತ್ರ. ಒಂದಕ್ಕೆ ಕೀಟನಾಶಕ ಮಾತ್ರ. ಕೊನೆಯದಕ್ಕೆ ಎರಡೂ. ಇಲಿಯನ್ನು ಕುತ್ತಿಗೆಯ ಹಿಂದಿನ ಚರ್ಮ ಹಿಡಿದು ಎತ್ತಬೇಕು. ತುದಿ ಉರುಟಾಗಿರುವ ಒಂದು ಲೋಹದ ಕೊಳವೆಯನ್ನು ಬಾಯಿಂದ ಹೊಟ್ಟೆಯವರೆಗೆ ಇಳಿಸಿ, ಸಿರಿಂಜಿನಿಂದ ತಳ್ಳಬೇಕು. ಮೊದಲು ಪಾಚಿ, ಆಮೇಲೆ ವಿಷ. ಕೆಲವು ಪ್ರಯೋಗಗಳಲ್ಲಿ ವಿಷಕ್ಕಿಂತ ವಾರ ಮೊದಲೇ ಪಾಚಿ ಶುರುವಾಗಿರುತ್ತದೆ. ಕೊನೆಗೆ ರಕ್ತದಲ್ಲಿ ಎಎಲ್‌ಟಿ, ಎಎಸ್‌ಟಿ ನೋಡುತ್ತಾರೆ. ಲಿವರನ್ನು ಅರೆದು ಅದರಲ್ಲಿ ಎಂಡಿಎ, ಗ್ಲುಟಾಥಯೋನ್, ಎಸ್‌ಒಡಿ, ಕ್ಯಾಟಲೇಸ್ ಅಳೆಯುತ್ತಾರೆ. ಎಂಡಿಎ ಅಂದರೆ ಜೀವಕೋಶದ ಕೊಬ್ಬು ಕೆಟ್ಟಾಗ ಹುಟ್ಟುವ ವಸ್ತು. ಉಳಿದ ಮೂರು ಕೋಶದ ಸ್ವಂತ ಕಾವಲು. ವಿಷ ಕೊಟ್ಟ ಗುಂಪಿನಲ್ಲಿ ಅದು ಏರುತ್ತದೆ, ಗ್ಲುಟಾಥಯೋನ್ ಇಳಿಯುತ್ತದೆ. ಪಾಚಿಯೂ ಸಿಕ್ಕ ಗುಂಪಿನಲ್ಲಿ ಎರಡೂ ಅರ್ಧದಷ್ಟಾದರೂ ಸರಿಹೋಗಿರುತ್ತವೆ. ಇದು ಸುಳ್ಳಲ್ಲ. ಸೂಕ್ಷ್ಮದರ್ಶಕದಲ್ಲಿ ಲಿವರಿನ ತುಂಡು ನೋಡಿದರೂ ಗೊತ್ತಾಗುತ್ತದೆ. ವಿಷ ಮಾತ್ರ ತಿಂದ ಇಲಿಯಲ್ಲಿ ಕೋಶಗಳ ಸಾಲು ಚದುರಿ, ಅಲ್ಲಲ್ಲಿ ಖಾಲಿ ಗುಳ್ಳೆಗಳು ಕಾಣುತ್ತವೆ. ಎರಡೂ ತಿಂದದ್ದರಲ್ಲಿ ಸಾಲು ಬಹುಪಾಲು ನೆಟ್ಟಗಿರುತ್ತದೆ.

ನನ್ನ ತಕರಾರು ಇರುವುದು ವಿಷದ ಪ್ರಮಾಣದ ಬಗ್ಗೆ. ಕ್ಲೋರ್‌ಪೈರಿಫಾಸ್ ಅನ್ನುವ ಕೀಟನಾಶಕ ತಗೊಳ್ಳಿ. ಇಲಿಗೆ ಅದರ ಎಲ್‌ಡಿ50, ಅಂದರೆ ಅರ್ಧದಷ್ಟು ಇಲಿಗಳನ್ನು ಕೊಲ್ಲುವ ಪ್ರಮಾಣ, ಕಿಲೋ ತೂಕಕ್ಕೆ 135 ಮಿಲಿಗ್ರಾಂ. ಪ್ರಯೋಗದಲ್ಲಿ ಅದರ ಇಪ್ಪತ್ತನೇ ಒಂದು ಭಾಗ, ಅಂದರೆ 6.75 ಮಿಲಿಗ್ರಾಂ, ದಿನಾ ಕೊಡುವುದು ಸಾಮಾನ್ಯ. ಮನುಷ್ಯನಿಗೆ ಜೀವನವಿಡೀ ದಿನಕ್ಕೆ ಇಷ್ಟು ಹೊಟ್ಟೆಗೆ ಹೋದರೆ ಪರವಾಗಿಲ್ಲ ಅಂತ ಇಟ್ಟ ಅಂತರರಾಷ್ಟ್ರೀಯ ಮಿತಿ ಕಿಲೋಗೆ 0.01 ಮಿಲಿಗ್ರಾಂ. 675 ಪಟ್ಟು ವ್ಯತ್ಯಾಸ. ಔಷಧಿ ಹೊಡೆಯುವವರ ಮೈಗೆ ಆ ಮಿತಿಗಿಂತ ಜಾಸ್ತಿ ಸೇರುತ್ತದೆ, ನಿಜ. ಆದರೂ ಅವರ ಕಥೆ ಬೇರೆ. ಸ್ವಲ್ಪ ಸ್ವಲ್ಪ, ಹಲವು ವರ್ಷ, ಹಲವು ಔಷಧಿಗಳ ಮಿಶ್ರಣ. ಇಲಿಯದ್ದು ಒಂದೇ ವಿಷ, ಕೆಲವೇ ವಾರ, ಭಾರೀ ಪ್ರಮಾಣ.

ಟ್ಯಾಂಕ್‌ಮಿಕ್ಸ್

ಪಾಚಿ ಮೊದಲು, ವಿಷ ಆಮೇಲೆ. ಇದು ಮುಖ್ಯ. ಇಲಿಗೆ ಕೋಟೆ ಬಾಗಿಲು ಮೊದಲೇ ಹಾಕಿರುತ್ತಾರೆ. ನಾವು ಊರು ಕೊಳ್ಳೆ ಹೋದ ಮೇಲೆ ಹಾಕಲು ಹೊರಟಿದ್ದೇವೆ.

ಹಸಿರುನಂಬಿಕೆ

@ಟ್ಯಾಂಕ್‌ಮಿಕ್ಸ್ ಅದಕ್ಕೇ ತಾನೇ ಹೊಡೆಯುವ ಕಾಲಕ್ಕೆ ಮುಂಚೆಯೇ ಶುರು ಮಾಡಿ ಅನ್ನುವುದು. ರೈತರಿಗೆ ಔಷಧಿ ಹೊಡೆಯುವ ದಿನ ಮೊದಲೇ ಗೊತ್ತಿರುತ್ತದೆ. ಇಲಿಯ ಪ್ರಯೋಗ ಅವರಿಗೆ ಸರಿಯಾಗಿ ಹೊಂದುತ್ತದೆ.

ವಿಷದಲೆಕ್ಕ

ಹೊಂದುವುದಿಲ್ಲ. ಲ್ಯಾಬ್‌ಗೆಳತಿ ಹೇಳಿದ ಕೊಳವೆಯ ಮಾತನ್ನು ಇನ್ನೊಮ್ಮೆ ಓದಿ. ಪಾಚಿ, ವಿಷ ಎರಡೂ ಒಂದೇ ಹೊಟ್ಟೆಗೆ ಬೀಳುತ್ತಿವೆ. ಪಾಚಿಯ ನಾರು, ಕೋಶದ ಗೋಡೆ, ಕಡಲಕಳೆಯ ಆಲ್ಜಿನೇಟ್ ಇವೆಲ್ಲ ಕರುಳಿನಲ್ಲೇ ಕೆಲವು ವಸ್ತುಗಳನ್ನು ಹಿಡಿದಿಟ್ಟುಕೊಳ್ಳುತ್ತವೆ. 1960ರ ದಶಕದಲ್ಲೇ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೋಡಿಯಂ ಆಲ್ಜಿನೇಟ್ ಕೊಟ್ಟು ವಿಕಿರಣಶೀಲ ಸ್ಟ್ರಾನ್ಷಿಯಂ ಮೈಗೆ ಸೇರುವುದನ್ನು ಕಡಿಮೆ ಮಾಡಿದ್ದರು. ಹಾಗಾಗಿ ಇಲಿಯ ಲಿವರ್ ಉಳಿದದ್ದು ಪಾಚಿ ಒಳಗೆ ಹೋಗಿ ಕಾಪಾಡಿದ್ದರಿಂದಲಾ, ಅಥವಾ ವಿಷವೇ ಪೂರ್ತಿ ಒಳಗೆ ಹೋಗದಿದ್ದರಿಂದಲಾ? ರಕ್ತದಲ್ಲಿ ಕೀಟನಾಶಕದ ಮಟ್ಟ ಅಳೆಯದೇ ಇದು ಗೊತ್ತಾಗುವುದಿಲ್ಲ.

ಈಗ ಹೊಲಕ್ಕೆ ಬನ್ನಿ. ಔಷಧಿ ಹೊಡೆಯುವವರ ಮೈಗೆ ವಿಷ ಸೇರುವುದು ಬಹುಪಾಲು ಚರ್ಮದಿಂದ. ಟ್ಯಾಂಕಿನ ಮುಚ್ಚಳ ಸರಿಯಿಲ್ಲದೆ ಬೆನ್ನು ನೆನೆಯುತ್ತದೆ. ಬೆಳೆಯ ಸಾಲಿನೊಳಗೆ ಮುಂದೆ ಹೊಡೆಯುತ್ತಾ ನಡೆದರೆ ತೊಡೆ, ಮೊಣಕಾಲು ನೆನೆಯುತ್ತವೆ. ಕರುಳಿನಲ್ಲಿ ಕಾದು ಕೂತ ಪಾಚಿ ಬೆನ್ನಿನ ಚರ್ಮಕ್ಕೆ ಏನು ಮಾಡಬೇಕು?

ಹೊಲದಂಚು

ಅಪ್ಪನದ್ದೂ ಇದೇ ಕಥೆ. ಸಂಜೆ ಅಂಗಿ ಬಿಚ್ಚಿದರೆ ಬೆನ್ನ ಮೇಲೆ ಪಟ್ಟಿಯ ಗುರುತು ಕೆಂಪಗೆ ಇರುತ್ತಿತ್ತು.

ನರ್ಸಕ್ಕ

@ಹೊಲದಂಚು ಮೈಯ ಎಲ್ಲ ಭಾಗದ ಚರ್ಮ ಒಂದೇ ತರ ಹೀರುವುದಿಲ್ಲ. ಪ್ಯಾರಾಥಿಯಾನ್ ಕೀಟನಾಶಕ ಇಟ್ಟುಕೊಂಡು ಮಾಡಿದ ಹಳೆಯ ಅಧ್ಯಯನ ಒಂದಿದೆ. ಮುಂಗೈಗೆ ಹೋಲಿಸಿದರೆ ತಲೆ, ಹಣೆಯ ಚರ್ಮ ಸುಮಾರು ನಾಲ್ಕು ಪಟ್ಟು ಹೀರಿತು. ವೃಷಣದ ಚರ್ಮ ಸುಮಾರು 12 ಪಟ್ಟು. ಗಂಡಸರು ಔಷಧಿ ಮುಟ್ಟಿದ ಕೈಯಲ್ಲೇ ಮೂತ್ರಕ್ಕೆ ಹೋಗುತ್ತಾರೆ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಾನು ಹೇಳುತ್ತೇನೆ. ಮೊದಲು ಸೋಪು ಹಾಕಿ ಕೈ ತೊಳೆಯಿರಿ.

ಬಟ್ಟೆಯ ಕೈಗವಸು ಹಾಕಿಕೊಳ್ಳುವುದಕ್ಕಿಂತ ಬರಿಗೈಯೇ ವಾಸಿ ಅನ್ನುವಷ್ಟು ಕೆಟ್ಟದ್ದು. ನೆನೆದು ಕೂತು ವಿಷವನ್ನು ಚರ್ಮಕ್ಕೆ ಒತ್ತಿ ಹಿಡಿಯುತ್ತದೆ. ನೈಟ್ರೈಲ್ ಕೈಗವಸೇ ಆಗಬೇಕು. ಬಾಟಲಿಯಿಂದ ನೀರು ಬೆರೆಸದ ಗಟ್ಟಿ ಔಷಧಿ ಅಳೆದು ಸುರಿಯುವ ಆ ಕೆಲವು ನಿಮಿಷ ಎಲ್ಲಕ್ಕಿಂತ ಅಪಾಯ. ಹೊಡೆಯುವಾಗ ಹಾಕದವರೂ ಆಗ ಹಾಕಲೇಬೇಕು. ನಾಝಲ್ ಕಟ್ಟಿಕೊಂಡರೆ ಬಾಯಲ್ಲಿ ಊದುವುದು ಬೇಡವೇ ಬೇಡ. ಆ ಬಟ್ಟೆಯನ್ನು ಮನೆಯವರ ಬಟ್ಟೆ ಜೊತೆ ಒಗೆಯುವುದೂ ಬೇಡ. ಒಗೆಯುವವರ ಲಿವರ್ ಬಗ್ಗೆಯೂ ಯೋಚನೆ ಮಾಡಿ.

ಸುಮ್ನೆಓದುಗ

ಕೊನೆಯ ಮಾತು ಯಾರೂ ಹೇಳಿರಲಿಲ್ಲ ನನಗೆ. ನಮ್ಮಲ್ಲಿ ಎಲ್ಲ ಒಟ್ಟಿಗೇ ನೆನೆಸುತ್ತೇವೆ.

ಹಸಿರುನಂಬಿಕೆ

ಕೈಗವಸು ಬೇಡ ಅಂತ ನಾನು ಹೇಳಿಲ್ಲ. ಎರಡೂ ಇರಲಿ ಅನ್ನುತ್ತಿದ್ದೇನೆ. ಪಾಚಿ ಬರೀ ಕರುಳಲ್ಲಿ ಕೂತು ಕೆಲಸ ಮಾಡುತ್ತದೆ ಅನ್ನುವುದೂ ಪೂರ್ತಿ ಸರಿಯಲ್ಲ, ಅಲ್ವಾ? ಲಿವರ್ ಕೆಡಿಸುವ ಕಾರ್ಬನ್ ಟೆಟ್ರಾಕ್ಲೋರೈಡನ್ನು ಇಂಜೆಕ್ಷನ್ ಮೂಲಕ ಕೊಟ್ಟ ಇಲಿಗಳಲ್ಲೂ ಪಾಚಿ ಲಿವರನ್ನು ಉಳಿಸಿದೆ. ಅಲ್ಲಿ ಕರುಳಲ್ಲಿ ಹಿಡಿದಿಟ್ಟುಕೊಳ್ಳುವ ಮಾತೇ ಬರುವುದಿಲ್ಲ.

ಲ್ಯಾಬ್‌ಗೆಳತಿ

ಇದು ಒಳ್ಳೆಯ ಪಾಯಿಂಟು, ಒಪ್ಪುತ್ತೇನೆ. ಫೈಕೋಸಯನಿನ್‌ಗೆ ನಿಜವಾದ ಒಂದು ಕೆಲಸ ಇದೆ. ಅದರ ನೀಲಿ ಬಣ್ಣ ಬರುವುದು ಫೈಕೋಸಯನೋಬಿಲಿನ್ ಅನ್ನುವ ಭಾಗದಿಂದ. ಅದು ನಮ್ಮ ಮೈಯಲ್ಲೇ ಹುಟ್ಟುವ ಬಿಲಿವರ್ಡಿನ್, ಬಿಲಿರುಬಿನ್‌ಗಳ ಹತ್ತಿರದ ನೆಂಟ. ಬಿಲಿರುಬಿನ್ ಹಾಗೇ ಅದೂ ಎನ್‌ಎಡಿಪಿಎಚ್ ಆಕ್ಸಿಡೇಸ್ ಅನ್ನುವ ಕಿಣ್ವವನ್ನು ತಡೆಯುತ್ತದೆ. ಕೋಶದಲ್ಲಿ ಹಾನಿ ಮಾಡುವ ಸೂಪರ್ ಆಕ್ಸೈಡ್ ಹುಟ್ಟಿಸುವ ಮುಖ್ಯ ಯಂತ್ರಗಳಲ್ಲಿ ಅದೊಂದು. ಅಂದರೆ ಇಲ್ಲಿ ಹುಟ್ಟಿದ ಮೇಲೆ ಹಿಡಿಯುವುದಲ್ಲ, ಹುಟ್ಟುವುದನ್ನೇ ಕಡಿಮೆ ಮಾಡುವುದು.

ಆದರೆ ಎಲ್ಲ ಕೀಟನಾಶಕಕ್ಕೂ ಒಂದೇ ಉತ್ತರ ಇರುವುದಿಲ್ಲ. ಪ್ಯಾರಾಕ್ವಾಟ್ ಅನ್ನುವ ಕಳೆನಾಶಕ ಕೋಶದಿಂದ ಎಲೆಕ್ಟ್ರಾನ್ ಕಸಿದು ಆಮ್ಲಜನಕಕ್ಕೆ ಕೊಡುತ್ತದೆ. ತಾನು ಖರ್ಚಾಗದೆ ಮತ್ತೆ ಅದೇ ಕೆಲಸ ಮಾಡುತ್ತದೆ. ಅದಕ್ಕೆ ಪ್ರತಿವಿಷವೇ ಇಲ್ಲ. ಆಂಟಿಆಕ್ಸಿಡೆಂಟ್ ಕೊಟ್ಟು ಜೀವ ಉಳಿಸುವ ಪ್ರಯತ್ನಗಳು ಎಷ್ಟೋ ವರ್ಷದಿಂದ ನಡೆದಿವೆ, ಜನ ಈಗಲೂ ಸಾಯುತ್ತಿದ್ದಾರೆ. ಇನ್ನು ಕ್ಲೋರ್‌ಪೈರಿಫಾಸ್‌ನ ದಾರಿ ಇನ್ನೂ ವಿಚಿತ್ರ. ಅದನ್ನು ನಿಜವಾದ ವಿಷವಾಗಿ, ಅಂದರೆ ಆಕ್ಸಾನ್ ರೂಪಕ್ಕೆ, ಬದಲಿಸುವುದೇ ನಮ್ಮ ಲಿವರಿನ ಸೈಟೋಕ್ರೋಮ್ ಕಿಣ್ವಗಳು. ಆಮೇಲೆ ಅದನ್ನು ಮುರಿಯುವ ಪಿಒಎನ್1 ಕಿಣ್ವವನ್ನು ತಯಾರಿಸುವುದೂ ಲಿವರೇ. ಪಿಒಎನ್1 ಒಬ್ಬೊಬ್ಬರಲ್ಲಿ ಒಂದೊಂದು ಮಟ್ಟದಲ್ಲಿರುತ್ತದೆ. ಹುಟ್ಟಿದ ಮಕ್ಕಳಲ್ಲಿ ಬಹಳ ಕಡಿಮೆ. ಒಂದೇ ಹೊಲದಲ್ಲಿ ಒಂದೇ ಔಷಧಿ ಹೊಡೆದ ಇಬ್ಬರಲ್ಲಿ ಒಬ್ಬರಿಗೆ ಜಾಸ್ತಿ ತೊಂದರೆ ಆಗುವುದಕ್ಕೆ ಇದೂ ಒಂದು ಕಾರಣ.

ತೊಟ್ಟಿಪಾಚಿ

ನಾನು ಸ್ಪಿರುಲಿನಾ ಬೆಳೆಯುವವನು. ಮಾರುವವನ ಮಾತು ಅಂತ ಬಿಡಬೇಡಿ, ಓದಿ.

ಮೊದಲನೆಯದು, ಸ್ಪಿರುಲಿನಾ ನಿಜವಾದ ಪಾಚಿಯಲ್ಲ. ಸಯನೋಬ್ಯಾಕ್ಟೀರಿಯಾ, ಅಂದರೆ ನೀಲಿಹಸಿರು ಪಾಚಿ ಅನ್ನಿಸಿಕೊಳ್ಳುವ ಬ್ಯಾಕ್ಟೀರಿಯಾ. ಆರ್ಥ್ರೋಸ್ಪೈರಾ ಅದರ ಹೆಸರು. ಕ್ಲೋರೆಲ್ಲಾ ಮಾತ್ರ ನಿಜವಾದ ಹಸಿರು ಪಾಚಿ, ಗಟ್ಟಿ ಗೋಡೆ ಇರುವಂಥದ್ದು. ಗೋಡೆ ಒಡೆದ ಪುಡಿ ಅಲ್ಲದಿದ್ದರೆ ಅದರಲ್ಲಿ ಬಹಳಷ್ಟು ಜೀರ್ಣವೇ ಆಗುವುದಿಲ್ಲ.

ಎರಡನೆಯದು, ಫೈಕೋಸಯನಿನ್ ಬಿಸಿಗೆ ನಿಲ್ಲುವುದಿಲ್ಲ. 60 ಡಿಗ್ರಿ ದಾಟಿದರೆ ಬೇಗ ಕೆಡುತ್ತದೆ. ಬೆಳಕಿಗೂ ಕೆಡುತ್ತದೆ. ಚೆನ್ನಾಗಿ ಒಣಗಿಸಿದ ಪುಡಿಯನ್ನು ತಣ್ಣೀರಿಗೆ ಹಾಕಿ ರಾತ್ರಿ ಬಿಟ್ಟರೆ ಬೆಳಿಗ್ಗೆ ಮೇಲಿನ ನೀರು ನೀಲಿಯಾಗಿರುತ್ತದೆ. ಟಾರ್ಚ್ ಹಿಡಿದರೆ ಆ ನೀಲಿಯೊಳಗೆ ಕೆಂಪು ಹೊಳಪು ಕಾಣುತ್ತದೆ. ಸುಟ್ಟ ಹಾಗೆ ಒಣಗಿಸಿದ ಪುಡಿಯಲ್ಲಿ ನೀರು ಬರೀ ಹಳದಿ ಹಸಿರು. ಡಬ್ಬಿಯ ಮೇಲೆ ಬರೆದ ಗುಣವೆಲ್ಲ ಅದರಲ್ಲಿ ಉಳಿದಿರುವುದಿಲ್ಲ. ಬಿಸಿ ನೀರಿಗೆ ಕಲಸಿ ಕುಡಿದರೂ ಅದೇ ಗತಿ.

ಮೂರನೆಯದು ಮುಖ್ಯ. ಇದು ಬೆಳೆಯುವುದು ಪಿಎಚ್ 9ರಿಂದ 10.5ರ ಕ್ಷಾರ ನೀರಿನಲ್ಲಿ. ಅಷ್ಟು ಕ್ಷಾರದಲ್ಲಿ ಬೇರೆ ಜೀವಿಗಳು ಕಷ್ಟಪಡುತ್ತವೆ, ಅದೇ ನಮಗೆ ಕಾವಲು. ತೊಟ್ಟಿಯ ಪಿಎಚ್ ಇಳಿಯಲು ಬಿಟ್ಟರೆ ಬೇರೆಯವು ಸೇರುತ್ತವೆ. ನಾನು ದಿನಾ ಬೆಳಿಗ್ಗೆ ಒಂದು ಹನಿ ತೆಗೆದು ಸೂಕ್ಷ್ಮದರ್ಶಕದಡಿ ಇಡುತ್ತೇನೆ. ನಮ್ಮದು ಸುರುಳಿ ಸುರುಳಿಯಾಗಿ ತೇಲುತ್ತದೆ. ಮಧ್ಯೆ ಎಲ್ಲಾದರೂ ಸಣ್ಣ ಉಂಡೆಗಳ ಗುಂಪು ಕಂಡರೆ ಆ ತೊಟ್ಟಿಯ ಬೆಳೆಯನ್ನು ತೆಗೆಯುವುದಿಲ್ಲ. ಅದು ಮೈಕ್ರೋಸಿಸ್ಟಿಸ್ ಅನ್ನುವ ಇನ್ನೊಂದು ಸಯನೋಬ್ಯಾಕ್ಟೀರಿಯಾ ಆಗಿದ್ದರೆ, ಲಿವರಿಗೆ ಅದೇ ವಿಷ.

ಹೊಲದಂಚು

ಏನು, ಪಾಚಿಯೇ ಲಿವರಿಗೆ ವಿಷವಾ?

ವಿಷದಲೆಕ್ಕ

ಹೌದು. ಈ ಚರ್ಚೆಯಲ್ಲಿ ಇದು ಮೊದಲೇ ಬರಬೇಕಿತ್ತು.

ಮೈಕ್ರೋಸಿಸ್ಟಿಸ್ ತಯಾರಿಸುವ ಮೈಕ್ರೋಸಿಸ್ಟಿನ್ ನೇರ ಲಿವರ್ ಕೋಶಕ್ಕೇ ಹೋಗುತ್ತದೆ. ಪಿತ್ತದ ಆಮ್ಲಗಳನ್ನು ಒಳಗೆ ಬಿಟ್ಟುಕೊಳ್ಳುವ ಸಾಗಣೆ ಪ್ರೋಟೀನುಗಳೇ ಅದನ್ನೂ ಒಳಗೆ ಬಿಡುತ್ತವೆ. ಒಳಗೆ ಹೋಗಿ ಪ್ರೋಟೀನ್ ಫಾಸ್ಫಟೇಸ್ 1 ಮತ್ತು 2ಎ ಕಿಣ್ವಗಳನ್ನು ನಿಲ್ಲಿಸುತ್ತದೆ. ಕೋಶದ ಅಸ್ಥಿಪಂಜರವೇ ಕುಸಿಯುತ್ತದೆ. ಕುದಿಸಿದರೂ ಅದು ನಾಶವಾಗುವುದಿಲ್ಲ. 1996ರಲ್ಲಿ ಬ್ರೆಜಿಲ್‌ನ ಕರುವಾರು ಊರಿನ ಡಯಾಲಿಸಿಸ್ ಕೇಂದ್ರದಲ್ಲಿ ಈ ವಿಷ ಬೆರೆತ ನೀರು ರೋಗಿಗಳ ರಕ್ತಕ್ಕೆ ಸೇರಿತು. 50ಕ್ಕೂ ಹೆಚ್ಚು ಜನ ಲಿವರ್ ವಿಫಲವಾಗಿ ಸತ್ತರು. ಕುಡಿಯುವ ನೀರಿನಲ್ಲಿ ಮೈಕ್ರೋಸಿಸ್ಟಿನ್-ಎಲ್‌ಆರ್ ಲೀಟರಿಗೆ 1 ಮೈಕ್ರೋಗ್ರಾಂ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 1998ರಲ್ಲಿ ಮಾರ್ಗಸೂಚಿ ತಂದಿತು.

ಪೂರಕ ಆಹಾರದ ಕಥೆಯೂ ಇದೆ. ಅಮೆರಿಕದ ಆರೆಗನ್‌ನಲ್ಲಿರುವ ಅಪ್ಪರ್ ಕ್ಲಾಮತ್ ಸರೋವರದಿಂದ ಆಫನಿಜೊಮೆನಾನ್ ಅನ್ನುವ ನೀಲಿಹಸಿರು ಪಾಚಿ ತೆಗೆದು ಮಾತ್ರೆ ಮಾಡಿ ಮಾರುತ್ತಾರೆ. ಅದೇ ನೀರಿನಲ್ಲಿ ಮೈಕ್ರೋಸಿಸ್ಟಿಸ್ ಕೂಡ ಬೆಳೆಯುತ್ತದೆ. 1997ರಲ್ಲಿ ಆರೆಗನ್ ಗ್ರಾಂಗೆ 1 ಮೈಕ್ರೋಗ್ರಾಂ ಮಿತಿ ಹಾಕಿತು. ಆಮೇಲೆ 87 ಮಾದರಿಗಳನ್ನು ಪರೀಕ್ಷಿಸಿದರೆ 85ರಲ್ಲಿ ಮೈಕ್ರೋಸಿಸ್ಟಿನ್ ಇತ್ತು. 63ರಲ್ಲಿ ಮಿತಿಗಿಂತ ಜಾಸ್ತಿ. ಲಿವರ್ ಉಳಿಸಿಕೊಳ್ಳಲು ಹೋಗಿ ಇದನ್ನು ನುಂಗಿದರೆ ಏನಾಗಬೇಕು ಹೇಳಿ.

ಟ್ಯಾಂಕ್‌ಮಿಕ್ಸ್

ಮತ್ತೆ ಆ ಮೈಕ್ರೋಸಿಸ್ಟಿಸ್ ಅಷ್ಟು ಹಬ್ಬುವುದು ಯಾಕೆ? ಹೊಲದಿಂದ ಹರಿದು ಹೋಗುವ ಗೊಬ್ಬರದ ರಂಜಕ, ಸಾರಜನಕದಿಂದ. 2014ರ ಆಗಸ್ಟಿನಲ್ಲಿ ಈರೀ ಸರೋವರ ಹಸಿರುಗಟ್ಟಿ, ಟೊಲೀಡೋ ನಗರದ 4 ಲಕ್ಷಕ್ಕೂ ಹೆಚ್ಚು ಜನರಿಗೆ ಸುಮಾರು ಮೂರು ದಿನ ನಲ್ಲಿ ನೀರು ಕುಡಿಯಬೇಡಿ ಅಂದರು. ಕೃಷಿ ರಾಸಾಯನಿಕ ಲಿವರಿಗೆ ತಲುಪಲು ಇದೂ ಒಂದು ದಾರಿ. ಬರೀ ಕೀಟನಾಶಕದ ಬಗ್ಗೆ ಮಾತಾಡಿದರೆ ಅರ್ಧ ಲೆಕ್ಕ ಬಿಟ್ಟ ಹಾಗಾಯಿತು.

ಹಸಿರುನಂಬಿಕೆ

ಕೆರೆಯ ಪಾಚಿಗೂ ತೊಟ್ಟಿಯಲ್ಲಿ ಬೆಳೆದದ್ದಕ್ಕೂ ವ್ಯತ್ಯಾಸ ಇದೆ. ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಬೇಡಿ.

ತೊಟ್ಟಿಪಾಚಿ

ವ್ಯತ್ಯಾಸ ಇದೆ. ಆದರೆ ಕೊಳ್ಳುವವರು ಅದನ್ನು ಕಣ್ಣಲ್ಲಿ ನೋಡಿ ಹೇಳಲಾರರು. ಬ್ಯಾಚ್ ಪ್ರಕಾರ ಮೈಕ್ರೋಸಿಸ್ಟಿನ್, ಸೀಸ, ಆರ್ಸೆನಿಕ್, ಕ್ಯಾಡ್ಮಿಯಂ, ಪಾದರಸದ ವರದಿ ಕೇಳಿ. ಕೊಡದವರ ಹತ್ತಿರ ಕೊಳ್ಳಬೇಡಿ, ನನ್ನ ಹತ್ತಿರವೂ ಸೇರಿ. ಪಾಚಿಗಳು ನೀರಿನಲ್ಲಿರುವ ಲೋಹವನ್ನು ಎಳೆದುಕೊಳ್ಳುತ್ತವೆ. ಆ ಗುಣವನ್ನೇ ಮೈಯೊಳಗಿನ ನಂಜು ಎಳೆಯುತ್ತದೆ ಅಂತ ಹೊಗಳುತ್ತಾರೆ. ಬೆಳೆಯುವ ನೀರಿನಲ್ಲೂ ಅದು ಅದನ್ನೇ ಮಾಡಿರುತ್ತದೆ.

ಕಡಲಕಳೆ

ಕಡಲಕಳೆಯ ಬಗ್ಗೆ ಒಂದು ಎಚ್ಚರ. ಕೆಲ್ಪ್ ಜಾತಿಯ ಒಣಗಿದ ಕಳೆಯಲ್ಲಿ ಅಯೋಡಿನ್ ಗ್ರಾಂಗೆ 1000 ಮೈಕ್ರೋಗ್ರಾಂ ದಾಟಬಹುದು. ದೊಡ್ಡವರಿಗೆ ದಿನಕ್ಕೆ ಬೇಕಾಗಿದ್ದು 150. ಥೈರಾಯ್ಡ್ ತೊಂದರೆ ಇರುವವರು ದೂರ ಇರಿ. ಹಿಜಿಕಿ ಅನ್ನುವ ಕಳೆಯಲ್ಲಿ ಅಜೈವಿಕ ಆರ್ಸೆನಿಕ್ ಜಾಸ್ತಿ, ಅದು ಬೇಡವೇ ಬೇಡ. ಫ್ಯುಕಾಯ್ಡನ್‌ಗೆ ಹೆಪಾರಿನ್ ತರಹ ರಕ್ತ ತೆಳುಮಾಡುವ ಗುಣ ಇದೆ. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ.

ನಾವು ಆಸ್ಕೋಫಿಲಮ್ ಕಡಲಕಳೆಯ ಸಾರವನ್ನು ಬೆಳೆಗೇ ಹೊಡೆಯುತ್ತೇವೆ. ಬೇರು ಚೆನ್ನಾಗಿ ಬಿಡುತ್ತದೆ, ಬಿಸಿಲಿನ ಹೊಡೆತ ತಡೆಯುತ್ತದೆ.

ಸುಮ್ನೆಓದುಗ

@ಕಡಲಕಳೆ ಅದನ್ನು ಹೊಡೆದರೆ ಕೀಟನಾಶಕ ಕಡಿಮೆ ಸಾಕಾ? ಯಾವ ಬೆಳೆಗೆ ಹೊಡೆಯುತ್ತೀರಿ? ಬೇರೆ ಎಳೆ ಶುರು ಮಾಡಿ, ತುಂಬ ಜನ ಬರುತ್ತಾರೆ.

ಇನ್ನೊಂದು. ಸ್ಪಿರುಲಿನಾದಲ್ಲಿ ಬಿ12 ಇದೆ ಅಂತ ಡಬ್ಬಿಯ ಮೇಲಿದೆ. ಅದಾದರೂ ನಿಜವಾ?

ಲ್ಯಾಬ್‌ಗೆಳತಿ

@ಸುಮ್ನೆಓದುಗ ಅದರಲ್ಲಿ ಇರುವುದು ಬಹುಪಾಲು ಹುಸಿ ಬಿ12. ನಮ್ಮ ಮೈಗೆ ಉಪಯೋಗವಿಲ್ಲ. ಪ್ರೋಟೀನ್ ಮಾತ್ರ ನಿಜ, ಒಣ ತೂಕದಲ್ಲಿ 60ರಿಂದ 70 ಶೇಕಡಾ. ಚಾಡ್ ಸರೋವರದ ದಂಡೆಯ ಕನೆಂಬು ಜನ ತಲೆಮಾರುಗಳಿಂದ ತಿಂದುಕೊಂಡು ಬಂದಿದ್ದಾರೆ. ಮೆಕ್ಸಿಕೋದ ಟೆಕ್ಸ್‌ಕೋಕೋ ಸರೋವರದಲ್ಲಿ ಆಜ್ಟೆಕ್ ಜನರೂ ತೆಗೆಯುತ್ತಿದ್ದರು.

@ಹೊಲದಂಚು ಪ್ರಮಾಣ ಕೇಳಿದ್ದಿರಿ. ಇಲಿಯ ಪ್ರಯೋಗದಲ್ಲಿ ಕಿಲೋಗೆ 500 ಅಥವಾ 1000 ಮಿಲಿಗ್ರಾಂ ಸಾಮಾನ್ಯ. ಇಲಿಯಿಂದ ಮನುಷ್ಯನ ಲೆಕ್ಕಕ್ಕೆ ಬರಲು ಸುಮಾರು 6.2ರಿಂದ ಭಾಗಿಸುತ್ತಾರೆ. 500ಕ್ಕೆ ಸುಮಾರು 80 ಮಿಲಿಗ್ರಾಂ. 60 ಕಿಲೋ ತೂಕದವರಿಗೆ ಹೆಚ್ಚುಕಡಿಮೆ 5 ಗ್ರಾಂ. 500 ಮಿಲಿಗ್ರಾಂನ ಎರಡು ಮಾತ್ರೆ ನುಂಗಿ ಇಲಿಯ ಫಲಿತಾಂಶ ಬರಲಿ ಅಂದರೆ ಆಗುವುದಿಲ್ಲ. ಇದನ್ನು ತಗೊಳ್ಳಿ ಅಂತ ಹೇಳುತ್ತಿಲ್ಲ, ಮಾತ್ರೆಗೂ ಪ್ರಯೋಗಕ್ಕೂ ಎಷ್ಟು ದೂರ ಅಂತ ತೋರಿಸುತ್ತಿದ್ದೇನೆ. ಸ್ಪಿರುಲಿನಾ ತಿಂದೇ ಲಿವರಿಗೆ ಪೆಟ್ಟಾದ ರೋಗಿಯ ವರದಿಯೂ 2002ರಲ್ಲಿ ಜಪಾನಿನಿಂದ ಬಂದಿದೆ. ಅಪರೂಪ, ಆದರೆ ಇದೆ.

ಬೆಳೆಗಾರ್ತಿ

ನನ್ನ ಅನುಭವ ಹೇಳುತ್ತೇನೆ. ನನಗೂ ಎಎಲ್‌ಟಿ ಜಾಸ್ತಿ ಇತ್ತು. ಸುಗ್ಗಿ ಮುಗಿದ ಮೇಲೆ ಕ್ಲೋರೆಲ್ಲಾ ಶುರು ಮಾಡಿದೆ. ಮುಂದಿನ ಪರೀಕ್ಷೆಯಲ್ಲಿ ಮಾಮೂಲಿಗೆ ಬಂತು. ನನಗೆ ಇದರ ಮೇಲೆ ನಂಬಿಕೆ ಬಂದಿದೆ. ಯಾರು ಏನೇ ಹೇಳಲಿ.

ನರ್ಸಕ್ಕ

ಸರಿಹೋಗಿದ್ದು ಸಂತೋಷ. ಆದರೆ ಸುಗ್ಗಿ ಮುಗಿದ ಮೇಲೆ ಅಂದಿರಿ. ಔಷಧಿ ಹೊಡೆಯುವುದೂ ಆಗ ನಿಂತಿತ್ತಲ್ಲ? ರಕ್ತದಲ್ಲಿನ ಎಎಲ್‌ಟಿ ಸುಮಾರು 47 ಗಂಟೆಗೊಮ್ಮೆ ಅರ್ಧ ಇಳಿಯುತ್ತದೆ. ಎಎಸ್‌ಟಿ ಇನ್ನೂ ಬೇಗ, 17 ಗಂಟೆ. ಹೊಸ ಪೆಟ್ಟು ಬೀಳದಿದ್ದರೆ ಕೆಲವೇ ವಾರದಲ್ಲಿ ತಾನಾಗಿಯೇ ಇಳಿಯುತ್ತದೆ. ಲಿವರಿನಷ್ಟು ಚೆನ್ನಾಗಿ ಮತ್ತೆ ಬೆಳೆಯುವ ಅಂಗ ಇನ್ನೊಂದಿಲ್ಲ. ಹೊಡೆಯುವ ಕಾಲದಲ್ಲೇ ಪರೀಕ್ಷೆ ಮಾಡಿಸಿ ನೋಡಿ.

ಬೆಳೆಗಾರ್ತಿ

ಹೂಂ. ಆ ಲೆಕ್ಕ ನಾನು ಹಾಕಿರಲಿಲ್ಲ. ಬರುವ ಹಂಗಾಮಿನಲ್ಲಿ ಮಾಡಿಸುತ್ತೇನೆ. ಕ್ಲೋರೆಲ್ಲಾ ಮಾತ್ರ ಬಿಡುವುದಿಲ್ಲ.

ವಿಷದಲೆಕ್ಕ

ಎಎಲ್‌ಟಿ ಮಾಮೂಲಿ ಬಂದರೆ ಎಲ್ಲ ಸರಿ ಅಂತಲೂ ಅಲ್ಲ. ಅಮೆರಿಕದ ಲೂಯಿವಿಲ್‌ನಲ್ಲಿ ಪ್ಲಾಸ್ಟಿಕ್ ತಯಾರಿಗೆ ಬಳಸುವ ವಿನೈಲ್ ಕ್ಲೋರೈಡ್ ಕಾರ್ಖಾನೆಯ ಕೆಲಸಗಾರರ ಲಿವರಿನ ತುಂಡು ತೆಗೆದು ನೋಡಿದಾಗ ಕೊಬ್ಬು, ಉರಿಯೂತ, ಗಾಯದ ಗುರುತು ಎಲ್ಲ ಇತ್ತು. ಅವರಲ್ಲಿ ಬಹಳಷ್ಟು ಜನರ ಎಎಲ್‌ಟಿ ಮಾಮೂಲಿಯಾಗಿತ್ತು. ಕುಡಿಯದ, ದಪ್ಪ ಇಲ್ಲದ ಜನರಲ್ಲೂ ರಾಸಾಯನಿಕದಿಂದ ಹೀಗಾಗುತ್ತದೆ ಅಂತ ಅಲ್ಲಿಂದ ಗೊತ್ತಾಯಿತು. ಹೊಲದಂಚು, ಆ ಸ್ಕ್ಯಾನ್ ತಪ್ಪಿಸಬೇಡಿ.

ಇನ್ನು ಹಸಿರುನಂಬಿಕೆಗೆ ನ್ಯಾಯವಾಗಿ ಸೇರಬೇಕಾದ್ದು ಒಂದಿದೆ. ಕರುಳಲ್ಲಿ ಹಿಡಿದಿಡುವುದು ವ್ಯರ್ಥ ಅಂತ ನಾನು ಹೇಳಿಲ್ಲ. 1975ರಲ್ಲಿ ವರ್ಜೀನಿಯಾದ ಹೋಪ್‌ವೆಲ್‌ನಲ್ಲಿ ಕ್ಲೋರ್ಡಿಕೋನ್ ಕೀಟನಾಶಕ ತಯಾರಿಸುವ ಕೆಲಸಗಾರರು ನಡುಕ, ಲಿವರ್ ಊತದಿಂದ ಬಳಲಿದರು. ಆ ವಿಷ ಪಿತ್ತದ ಜೊತೆ ಕರುಳಿಗೆ ಬಂದು, ಅಲ್ಲಿಂದ ಮತ್ತೆ ರಕ್ತಕ್ಕೆ ಹೋಗಿ, ಸುತ್ತುತ್ತಲೇ ಇರುತ್ತದೆ. ಡಾಕ್ಟರುಗಳು ಕೊಲೆಸ್ಟೈರಮೀನ್ ಕೊಟ್ಟರು. ಅದು ಕರುಳಲ್ಲೇ ವಿಷವನ್ನು ಹಿಡಿದು ಮಲದಲ್ಲಿ ಹೊರಗೆ ಹಾಕಿತು. ರಕ್ತದಲ್ಲಿ ವಿಷ ಅರ್ಧಕ್ಕೆ ಇಳಿಯಲು 165 ದಿನ ಬೇಕಾಗುತ್ತಿದ್ದದ್ದು 80 ದಿನಕ್ಕೆ ಬಂತು. 1978ರಲ್ಲಿ ಪ್ರಕಟವಾಯಿತು. ಚರ್ಮದಿಂದ ಹೋದ ವಿಷವೂ ಪಿತ್ತದ ಮೂಲಕ ಕರುಳಿಗೆ ಬರುವಂಥದ್ದಾದರೆ ಅಲ್ಲಿ ಹಿಡಿಯಬಹುದು. ಜಪಾನಿನಲ್ಲಿ ಕ್ಲೋರೆಲ್ಲಾ ತಿಂದ ಇಲಿಗಳ ಮಲದಲ್ಲಿ ಡಯಾಕ್ಸಿನ್ ಜಾಸ್ತಿ ಹೊರಬಿದ್ದದ್ದೂ ಇದೇ ತರಹದ ಕೆಲಸ. ಇದೆಲ್ಲ ಕೊಬ್ಬಿನಲ್ಲಿ ಕೂರುವ, ವರ್ಷಗಟ್ಟಲೆ ಉಳಿಯುವ ಹಳೆಯ ಕ್ಲೋರಿನ್ ವಿಷಗಳಿಗೆ. ಈಗ ಜನ ಹೊಡೆಯುವ, ಕ್ಲೋರ್‌ಪೈರಿಫಾಸ್ ತರಹದ ಆರ್ಗನೋಫಾಸ್ಫೇಟ್, ಪೈರೆಥ್ರಾಯ್ಡ್‌ಗಳು ಬಹುಪಾಲು ಕೆಲವೇ ದಿನದಲ್ಲಿ ಮೂತ್ರದಲ್ಲಿ ಹೋಗುತ್ತವೆ.

ಹಸಿರುನಂಬಿಕೆ

ಅಂತೂ ಒಂದು ಕಡೆ ನನ್ನ ಜೊತೆ ಬಂದಿರಿ. ಸರಿ, ಹೀಗೆ ಹೇಳುತ್ತೇನೆ. ಯಾವ ವಿಷ ಅಂತ ನೋಡದೆ ಪಾಚಿ ಕೊಡುವುದು ತಪ್ಪು, ಒಪ್ಪಿದೆ. ಆದರೆ ಸಂಶೋಧನೆ ಇಲಿಯಲ್ಲೇ ನಿಲ್ಲಬಾರದು. ಹೊಡೆಯುವವರನ್ನೇ ಎರಡು ಗುಂಪು ಮಾಡಿ, ಒಂದಕ್ಕೆ ಪರೀಕ್ಷಿಸಿದ ಪಾಚಿ, ಇನ್ನೊಂದಕ್ಕೆ ಬಣ್ಣದ ಪುಡಿ ಕೊಟ್ಟು, ಹಂಗಾಮಿನುದ್ದಕ್ಕೂ ರಕ್ತ, ಮೂತ್ರ ನೋಡಬೇಕು. ಇಷ್ಟೊಂದು ಇಲಿಗಳನ್ನು ಕೊಂದ ಮೇಲೆ ಅಷ್ಟಾದರೂ ರೈತರಿಗೆ ಸಲ್ಲಬೇಕು.

ಲ್ಯಾಬ್‌ಗೆಳತಿ

ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಎರಡೂ ಗುಂಪಿಗೆ ಕೈಗವಸು ಕೊಟ್ಟೇ ಮಾಡಬೇಕು ಅನ್ನುವುದು ಒಂದೇ ಷರತ್ತು.

ಹೊಲದಂಚು

ಎಲ್ಲರಿಗೂ ಥ್ಯಾಂಕ್ಸ್. ಡಬ್ಬಿಯ ಮೇಲೆ ಬ್ಯಾಚ್ ವರದಿ ಏನೂ ಇಲ್ಲ. ಕೊಡುವುದಿಲ್ಲ. ಅಪ್ಪ ಈ ಹಂಗಾಮಿನಲ್ಲೂ ಹೊಡೆಯುವುದು ನಿಲ್ಲಿಸಲಾರರು, ಅದು ನನ್ನ ಕೈಲಿಲ್ಲ. ಎಎಲ್‌ಟಿ ಬಿಟ್ಟು ಬೇರೆ ಯಾವ ಪರೀಕ್ಷೆ ಮಾಡಿಸಬಹುದು? ಅವರು ಜಾಸ್ತಿ ಹೊಡೆಯುವುದು ಆರ್ಗನೋಫಾಸ್ಫೇಟ್.

ನರ್ಸಕ್ಕ

ಹಾಗಾದರೆ ಕೊಲಿನೆಸ್ಟರೇಸ್ ಪರೀಕ್ಷೆ ಕೇಳಿ. ಆರ್ಗನೋಫಾಸ್ಫೇಟ್ ತಡೆಯುವುದು ಈ ಕಿಣ್ವವನ್ನೇ. ಎರಡು ಬಗೆ ಇದೆ. ಒಂದು ಕೆಂಪು ರಕ್ತಕಣದ್ದು, ಇನ್ನೊಂದು ಪ್ಲಾಸ್ಮಾದ್ದು. ಎರಡನ್ನೂ ಮಾಡಿಸಿ. ಪ್ಲಾಸ್ಮಾದ್ದು ಲಿವರಿನಲ್ಲೇ ತಯಾರಾಗುತ್ತದೆ. ಲಿವರ್ ಸೋತಿದ್ದರೆ ಕೀಟನಾಶಕ ಇಲ್ಲದೆಯೂ ಅದು ಕಡಿಮೆ ಬರಬಹುದು. ಅಪ್ಪನ ವಿಷಯದಲ್ಲಿ ಇದನ್ನು ಡಾಕ್ಟರಿಗೆ ನೆನಪಿಸಿ.

ಮೊದಲನೇ ಪರೀಕ್ಷೆ ಹಂಗಾಮು ಶುರುವಾಗುವ ಮುಂಚೆ, ಕೆಲವು ವಾರ ಔಷಧಿ ಮುಟ್ಟದೆ ಇದ್ದಾಗ ಆಗಬೇಕು. ಅದೇ ಅವರ ಮೂಲ ಅಂಕಿ. ಒಬ್ಬೊಬ್ಬರದ್ದು ಒಂದೊಂದು ಇರುತ್ತದೆ. ಬೇರೆಯವರ ಅಂಕಿಯ ಜೊತೆ ಹೋಲಿಸಿದರೆ ಏನೂ ಗೊತ್ತಾಗುವುದಿಲ್ಲ. ಆಮೇಲೆ ಹಂಗಾಮಿನ ಮಧ್ಯೆ, ಅದೇ ಲ್ಯಾಬಿನಲ್ಲಿ. ಕ್ಯಾಲಿಫೋರ್ನಿಯಾದಲ್ಲಿ ಔಷಧಿ ಹೊಡೆಯುವ ಕೆಲಸಗಾರರಿಗೆ ಇರುವ ನಿಯಮ ಹೀಗಿದೆ. ಮೂಲ ಅಂಕಿಯ 80 ಶೇಕಡಾಕ್ಕಿಂತ ಕೆಳಗೆ ಬಂದರೆ ಕೆಲಸದ ರೀತಿಯನ್ನು ಪರಿಶೀಲಿಸಬೇಕು. ಕೆಂಪುಕಣದ್ದು 70ಕ್ಕೆ ಅಥವಾ ಪ್ಲಾಸ್ಮಾದ್ದು 60ಕ್ಕೆ ಇಳಿದರೆ ಆ ಕೆಲಸದಿಂದ ತೆಗೆಯಬೇಕು. ಮತ್ತೆ 80 ಮುಟ್ಟುವವರೆಗೆ ವಾಪಸ್ ಕಳಿಸುವಂತಿಲ್ಲ.

ಹೊಡೆದ ದಿನ ಜೊಲ್ಲು, ಬೆವರು ವಿಪರೀತ ಬಂದರೆ, ಕಣ್ಣಿನ ಪಾಪೆ ಸಣ್ಣದಾಗಿ ಮಂಜು ಕಂಡರೆ, ಮೈ ಅದುರಿದರೆ ಪರೀಕ್ಷೆಗೆ ಕಾಯಬೇಡಿ. ಬಟ್ಟೆ ಬಿಚ್ಚಿಸಿ, ಸೋಪು ನೀರಲ್ಲಿ ಮೈ ತೊಳೆಸಿ, ನೇರ ಆಸ್ಪತ್ರೆಗೆ. ತೊಳೆಯುವವರೂ ಕೈಗವಸು ಹಾಕಿಕೊಳ್ಳಿ. ಔಷಧಿಯ ಬಾಟಲಿಯ ಲೇಬಲ್ ಜೊತೆಗಿರಲಿ. ಪ್ರತಿವಿಷವಾದ ಅಟ್ರೋಪಿನ್ ಕೊಡಬೇಕಾ ಅಂತ ಅದನ್ನು ನೋಡಿದರೆ ಬೇಗ ತಿಳಿಯುತ್ತದೆ.